ಡ್ರಿಪ್ ಹಾಕಿದ ಕೈ ಊದಿಕೊಂಡರೆ ಅದು ವೈದ್ಯರ ನಿರ್ಲಕ್ಷ್ಯವೇ?

ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮನೆಗೆ ಬಂದವರ ಕೈ ನೋಡಿ. ಮುಂಗೈ ಮೇಲೆ ನೀಲಿ ಕಲೆ, ಸ್ವಲ್ಪ ಊತ, ಮುಟ್ಟಿದರೆ ಹುರಿಯಂತೆ ಗಟ್ಟಿಯಾದ ರಕ್ತನಾಳ. ನೋಡಲು ಬಂದ ನೆಂಟರಲ್ಲಿ ಒಬ್ಬರು "ಸೂಜಿ ಸರಿಯಾಗಿ ಚುಚ್ಚಿಲ್ಲ, ಕೇಸ್ ಹಾಕಿ" ಎನ್ನುತ್ತಾರೆ. ಇನ್ನೊಬ್ಬರು "ಅದೆಲ್ಲ ಮಾಮೂಲು, ಎರಡು ದಿನದಲ್ಲಿ ಹೋಗುತ್ತೆ" ಎನ್ನುತ್ತಾರೆ. ಇಬ್ಬರೂ ಸರಿ ಇರಬಹುದು, ಇಬ್ಬರೂ ತಪ್ಪಾಗಿರಬಹುದು.

ನಮ್ಮ ತಂಡದಲ್ಲೊಬ್ಬರ ತಾಯಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿದ್ದಾಗ ರಾತ್ರಿ ಹನ್ನೊಂದಕ್ಕೆ "ಕೈ ಉರೀತಿದೆ" ಎಂದು ಹೇಳಿದ್ದರು. "ಸ್ಟ್ರಾಂಗ್ ಔಷಧಿ ಅಮ್ಮ, ಸ್ವಲ್ಪ ಉರಿಯುತ್ತೆ" ಎಂಬ ಉತ್ತರ ಬಂತು. ಬೆಳಗಿನ ಹೊತ್ತಿಗೆ ಮೊಣಕೈವರೆಗೆ ಊದಿತ್ತು. ಆ ಕೈ ಸರಿಹೋಯಿತು. ಆದರೆ ಅಲ್ಲಿ ತಪ್ಪು ನಡೆದದ್ದು ಸೂಜಿ ಚುಚ್ಚಿದಾಗಲೋ, ಮಾತು ಕೇಳಿಸಿಕೊಳ್ಳದೇ ಹೋದಾಗಲೋ ಎಂಬ ಪ್ರಶ್ನೆ ನಮ್ಮಲ್ಲಿ ಉಳಿಯಿತು. ಈ ಲೇಖನದಲ್ಲಿ ಅದಕ್ಕೆ ಉತ್ತರ ಹುಡುಕೋಣ.

ಮೊದಲಿಗೆ, ಕೈಯೊಳಗೆ ಇರುವುದೇನು?

"ನರ ಸಿಗ್ತಿಲ್ಲ" ಎಂದು ನರ್ಸ್ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆಡುಮಾತಿನಲ್ಲಿ ನರ ಎಂದರೂ ಡ್ರಿಪ್ ಹಾಕುವುದು ನರಕ್ಕಲ್ಲ, ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಅಭಿಧಮನಿಗೆ. ನಿಜವಾದ ನರ ಸಂವೇದನೆ ಸಾಗಿಸುವ ತಂತು. ಸೂಜಿ ಅದಕ್ಕೆ ತಾಗಿದರೆ ಕರೆಂಟ್ ಹೊಡೆದಂತೆ ಬೆರಳವರೆಗೆ ಜುಮ್ಮೆನ್ನುತ್ತದೆ. ಹಾಗಾದರೆ ಕೂಡಲೇ ಹೇಳಬೇಕು, ಸೂಜಿ ಹೊರತೆಗೆಯಬೇಕು.

ಇನ್ನೊಂದು ತಪ್ಪು ಕಲ್ಪನೆ: "ಸೂಜಿ ಕೈಯಲ್ಲೇ ಇದೆ, ಅಲ್ಲಾಡಿಸಿದರೆ ಚುಚ್ಚುತ್ತೆ." ಕ್ಯಾನುಲಾ ಹಾಕುವಾಗ ಬಳಸುವ ಲೋಹದ ಸೂಜಿಯನ್ನು ಆಗಲೇ ಹೊರಗೆ ಎಳೆದುಬಿಡುತ್ತಾರೆ. ಒಳಗೆ ಉಳಿಯುವುದು ಮೆದುವಾದ ಪ್ಲಾಸ್ಟಿಕ್ ನಳಿಕೆ ಮಾತ್ರ. ಅದರ ಬಣ್ಣ ಗಾತ್ರವನ್ನು ಹೇಳುತ್ತದೆ: ಹಳದಿ 24 ಗೇಜ್, ನೀಲಿ 22, ಗುಲಾಬಿ 20, ಹಸಿರು 18. ಸಂಖ್ಯೆ ಕಡಿಮೆಯಾದಷ್ಟೂ ನಳಿಕೆ ದಪ್ಪ. ಮಕ್ಕಳಿಗೆ ಹಳದಿ, ಬೇಗ ರಕ್ತ ಕೊಡಬೇಕಾದಾಗ ಹಸಿರು, ಹೀಗೆ ಅಗತ್ಯಕ್ಕೆ ತಕ್ಕಂತೆ ಆಯ್ಕೆ ಮಾಡುತ್ತಾರೆ.

ಬಾಟಲಿಯಲ್ಲಿ ಶಕ್ತಿ ಇದೆಯೇ?

"ಸುಸ್ತು, ಒಂದು ಗ್ಲೂಕೋಸ್ ಹಾಕಿಸಿಕೊಂಡು ಬಂದೆ" ಎಂಬ ಮಾತು ಮೈಸೂರು ಕಡೆ, "ಎರಡು ಸಲಾಯಿನ್ ಹಚ್ಚಿದ್ರು" ಎಂಬ ಮಾತು ಧಾರವಾಡ ಕಡೆ ತೀರ ಸಾಮಾನ್ಯ. ಲೆಕ್ಕ ನೋಡೋಣ. 5 ಶೇಕಡಾ ಡೆಕ್ಸ್‌ಟ್ರೋಸ್‌ನ 500 ಮಿಲಿಲೀಟರ್ ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯ ಒಳಗೆ, ಅಂದರೆ ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟು. ನಾರ್ಮಲ್ ಸಲೈನ್ ಬಾಟಲಿಯಲ್ಲಿ ಅದೂ ಇಲ್ಲ; 500 ಮಿಲಿಲೀಟರ್ ನೀರಿನಲ್ಲಿ 4.5 ಗ್ರಾಂ ಉಪ್ಪು, ಅಷ್ಟೇ.

ಹಾಗಾದರೆ ಡ್ರಿಪ್ ಬೇಡವೇ? ಬೇಕಾದವರಿಗೆ ಅದು ಜೀವ ಉಳಿಸುವ ಚಿಕಿತ್ಸೆ. 1832ರಲ್ಲಿ ಸ್ಕಾಟ್ಲೆಂಡ್‌ನ ಲೀತ್‌ನಲ್ಲಿ ಥಾಮಸ್ ಲಾಟಾ ಎಂಬ ವೈದ್ಯರು ಕಾಲರಾದಿಂದ ಸಾಯುವ ಸ್ಥಿತಿಯಲ್ಲಿದ್ದವರ ರಕ್ತನಾಳಕ್ಕೆ ಉಪ್ಪುನೀರು ಸೇರಿಸಿ ಕೆಲವರನ್ನು ಬದುಕಿಸಿದರು. ಅದಕ್ಕೆ ದಾರಿ ತೋರಿಸಿದ್ದು ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ ನೀರು ಮತ್ತು ಲವಣದ ಕೊರತೆ ಗುರುತಿಸಿದ ವಿಲಿಯಂ ಓಶಾನೆಸಿ. ಮುಂದೆ ಭಾರತಕ್ಕೆ ಬಂದು ಇಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವರೂ ಇವರೇ.

ಆದರೆ ಬಾಯಿಂದ ಕುಡಿಯಲು ಆಗುವವರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಬಾಟಲಿ ಬೇಕಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 4ಕ್ಕಿಂತ ಕೆಳಗಿಳಿಯಿತು. ಇವತ್ತು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಒಆರ್‌ಎಸ್ ಪೊಟ್ಟಣ ಇದರದೇ ಮುಂದುವರಿದ ರೂಪ. ಬರೀ ಸುಸ್ತಿಗೆ ಡ್ರಿಪ್ ಹಾಕಿಸಿಕೊಂಡರೆ ಲಾಭ ಒಂದು ಬಾಳೆಹಣ್ಣಿನಷ್ಟು. ಅಪಾಯಗಳ ಪಟ್ಟಿ ಮಾತ್ರ ಉದ್ದವಿದೆ.

ಯಾವ ತೊಡಕುಗಳು ಬರಬಹುದು?

ದ್ರವ ಹೊರಗೆ ಸೋರುವುದು: ನಳಿಕೆ ರಕ್ತನಾಳದಿಂದ ಜಾರಿದರೆ ದ್ರವ ಚರ್ಮದ ಕೆಳಗೆ ತುಂಬಿಕೊಳ್ಳುತ್ತದೆ. ಕೈ ಊದುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಸೋರಿದ್ದು ಬರೀ ಸಲೈನ್ ಆದರೆ ಕ್ಯಾನುಲಾ ತೆಗೆದು ಕೈ ಎತ್ತರದಲ್ಲಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಕೆಲವು ಕೀಮೋ ಔಷಧ, ಕ್ಯಾಲ್ಸಿಯಂ, ರಕ್ತದೊತ್ತಡ ಏರಿಸುವ ಔಷಧಗಳು ಸೋರಿದರೆ ಅಲ್ಲಿನ ಮಾಂಸವೇ ಸಾಯಬಹುದು. ಇಂಥದ್ದರಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ರಕ್ತನಾಳದ ಉರಿಯೂತ: ಕ್ಯಾನುಲಾ ಇರುವ ಜಾಗ ಕೆಂಪಾಗಿ, ಬಿಸಿಯಾಗಿ, ನೋಯುತ್ತದೆ, ನಾಳದ ಉದ್ದಕ್ಕೂ ಕೆಂಪು ಗೆರೆ ಕಾಣಬಹುದು. ಹಲವು ಆಸ್ಪತ್ರೆಗಳು ಮೂರು-ನಾಲ್ಕು ದಿನಕ್ಕೊಮ್ಮೆ ಕ್ಯಾನುಲಾ ಬದಲಿಸುತ್ತವೆ. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು ದಿನ ಎಣಿಸುವುದಕ್ಕಿಂತ ಜಾಗವನ್ನು ನಿತ್ಯ ಪರೀಕ್ಷಿಸಿ, ತೊಂದರೆ ಕಂಡರೆ ಆಗಲೇ ತೆಗೆಯಿರಿ ಎಂದು.

ಸೋಂಕು: ಕೈ ತೊಳೆಯದೆ, ಚರ್ಮ ಒರೆಸದೆ ಹಾಕಿದ ಕ್ಯಾನುಲಾ ರೋಗಾಣುಗಳಿಗೆ ನೇರವಾಗಿ ರಕ್ತಕ್ಕೆ ಇಳಿಯುವ ಬಾಗಿಲು. ಡ್ರಿಪ್ ಹಾಕಿದ ಮೇಲೆ ಹೊಸದಾಗಿ ಚಳಿ, ನಡುಕ, ಜ್ವರ ಬಂದರೆ ಹಗುರವಾಗಿ ತೆಗೆದುಕೊಳ್ಳಬಾರದು.

ದ್ರವ ಹೆಚ್ಚಾಗುವುದು: ಹೃದಯ, ಕಿಡ್ನಿ ದುರ್ಬಲವಾದವರಿಗೆ, ವಯಸ್ಸಾದವರಿಗೆ, ಪುಟ್ಟ ಮಕ್ಕಳಿಗೆ ಬೇಗಬೇಗ ಬಾಟಲಿ ಹರಿಸಿದರೆ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಡೆಂಗಿಯಲ್ಲಿ ಇದು ದೊಡ್ಡ ಅಪಾಯ. ಜ್ವರ ಇಳಿಯುವ ಹೊತ್ತಿಗೆ ರಕ್ತನಾಳದಿಂದ ಸೋರಿದ್ದ ನೀರು ಚೇತರಿಕೆಯ ಹಂತದಲ್ಲಿ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ "ಪ್ಲೇಟ್‌ಲೆಟ್ ಕಡಿಮೆ ಇದೆ, ಇನ್ನೆರಡು ಬಾಟಲಿ ಹಾಕಿ" ಎಂದು ಒತ್ತಾಯಿಸುವುದು ರೋಗಿಗೆ ಮಾಡುವ ಉಪಕಾರವಲ್ಲ. ಡ್ರಿಪ್ ಪ್ಲೇಟ್‌ಲೆಟ್ ಹೆಚ್ಚಿಸುವುದಿಲ್ಲ.

ಅಲರ್ಜಿ: ರಕ್ತಕ್ಕೆ ನೇರ ಸೇರಿದ ಔಷಧಕ್ಕೆ ಕೆಲವರ ದೇಹ ನಿಮಿಷಗಳಲ್ಲೇ ತೀವ್ರವಾಗಿ ಪ್ರತಿಕ್ರಿಯಿಸಬಹುದು. ಮೈ ತುಂಬ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ, ರಕ್ತದೊತ್ತಡ ಕುಸಿತ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಅದು ಕೈಗೆಟುಕುವ ಹಾಗೆ ಇಲ್ಲದ ಜಾಗದಲ್ಲಿ ಡ್ರಿಪ್ ಹಾಕಿಸಿಕೊಳ್ಳಲೇಬಾರದು.

ವೇಗದ ತಪ್ಪು: ಕೆಲವು ಔಷಧಗಳಲ್ಲಿ ಪ್ರಮಾಣದಷ್ಟೇ ವೇಗವೂ ಮುಖ್ಯ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ಒಮ್ಮೆಗೇ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ಅದಕ್ಕೇ ಹಲವು ದೇಶಗಳ ಆಸ್ಪತ್ರೆಗಳು ಅದನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ತೆಗೆದುಹಾಕಿವೆ.

ಗಾಳಿಗುಳ್ಳೆ ಹೋದರೆ ಸಾಯುತ್ತಾರೆಯೇ?

ಸಿನಿಮಾಗಳು ಬಿತ್ತಿದ ಭಯ ಇದು. ಟ್ಯೂಬಿನಲ್ಲಿ ಕಾಣುವ ಪುಟ್ಟ ಗುಳ್ಳೆಯ ಗಾತ್ರ ಒಂದು ಮಿಲಿಲೀಟರಿಗಿಂತ ತೀರ ಕಡಿಮೆ. ಅದು ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಂಡು ಕರಗಿಹೋಗುತ್ತದೆ. ವಯಸ್ಕರಿಗೆ ಪ್ರಾಣಾಪಾಯ ಆಗಬೇಕಾದರೆ ಅದಕ್ಕಿಂತ ಎಷ್ಟೋ ಪಟ್ಟು ಗಾಳಿ ವೇಗವಾಗಿ ಒಳಗೆ ಹೋಗಬೇಕು. ಹಾಗಂತ ಅಜಾಗರೂಕತೆ ಸಲ್ಲದು. ನವಜಾತ ಶಿಶುಗಳಲ್ಲಿ, ಹೃದಯದಲ್ಲಿ ರಂಧ್ರವಿರುವವರಲ್ಲಿ, ಕುತ್ತಿಗೆಯ ದೊಡ್ಡ ನಾಳಕ್ಕೆ ಹಾಕಿದ ಲೈನ್‌ನಲ್ಲಿ ಕಡಿಮೆ ಗಾಳಿಯೂ ತೊಂದರೆ ಕೊಡಬಲ್ಲದು.

ಬಾಟಲಿ ಖಾಲಿಯಾದಾಗ ಟ್ಯೂಬಿನಲ್ಲಿ ರಕ್ತ ಕಂಡು ಮನೆಯವರು ಕಿರುಚಿಕೊಳ್ಳುವುದೂ ಸಾಮಾನ್ಯ. ಬಾಟಲಿ ಮೇಲಿದ್ದಾಗ ದ್ರವದ ಒತ್ತಡ ರಕ್ತನಾಳದ ಒತ್ತಡಕ್ಕಿಂತ ಹೆಚ್ಚಿರುತ್ತದೆ. ದ್ರವ ಮುಗಿದರೆ ಅಥವಾ ರೋಗಿ ಬಾಟಲಿ ಕೆಳಗೆ ಹಿಡಿದು ಶೌಚಾಲಯಕ್ಕೆ ಹೋದರೆ ರಕ್ತ ಸ್ವಲ್ಪ ಹಿಂದಕ್ಕೆ ಬರುತ್ತದೆ. ಮೈಯ ರಕ್ತವನ್ನೆಲ್ಲ ಬಾಟಲಿ ಹೀರುವುದಿಲ್ಲ. ಆ ರಕ್ತ ಹೆಪ್ಪುಗಟ್ಟಿ ಕ್ಯಾನುಲಾ ಕಟ್ಟಿಕೊಂಡರೆ ಮತ್ತೆ ಚುಚ್ಚಬೇಕಾಗುತ್ತದೆ, ತೊಂದರೆ ಅದು.

ತೊಡಕು ಯಾವಾಗ ನಿರ್ಲಕ್ಷ್ಯವಾಗುತ್ತದೆ?

ಇಲ್ಲಿಗೆ ನಮ್ಮ ಮೂಲ ಪ್ರಶ್ನೆ. ತೊಡಕು ಎಂದರೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಬರಬಹುದಾದದ್ದು. ನಿರ್ಲಕ್ಷ್ಯ ಎಂದರೆ ಅದೇ ಸ್ಥಾನದಲ್ಲಿರುವ ಸಾಮಾನ್ಯ ಕೌಶಲದ ವೈದ್ಯರೋ ನರ್ಸೋ ಮಾಡಬೇಕಾದ್ದನ್ನು ಮಾಡದೆ, ಮಾಡಬಾರದ್ದನ್ನು ಮಾಡಿ, ಅದರಿಂದಲೇ ಹಾನಿಯಾಗುವುದು. ಮೂರು ನಿಜ ಪ್ರಕರಣಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಒಂದನೆಯದು ಹೆಸರಿನ ಗೊಂದಲ. 1993ರ ಡಿಸೆಂಬರ್ 24ರಂದು ಟೈಫಾಯ್ಡ್ ಇದ್ದ ಮಗುವೊಂದನ್ನು ಆಸ್ಪತ್ರೆಗೆ ಸೇರಿಸಲಾಯಿತು. ಕೊಡಬೇಕಿದ್ದದ್ದು ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್. ನರ್ಸ್ ತಂದೆಯಿಂದ ತರಿಸಿ ರಕ್ತನಾಳಕ್ಕೆ ಚುಚ್ಚಿದ್ದು ಮಲೇರಿಯಾದ ಕ್ಲೋರೋಕ್ವಿನ್. ಮಗುವಿನ ಹೃದಯ ನಿಂತಿತು. ಜೀವ ಉಳಿದರೂ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಚುಚ್ಚಿದವರಿಗೆ ಆ ಕೆಲಸದ ಅರ್ಹತೆಯೇ ಇರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. ರಾಷ್ಟ್ರೀಯ ಗ್ರಾಹಕ ಆಯೋಗ ಮಗುವಿಗೆ 12.5 ಲಕ್ಷ, ಹೆತ್ತವರ ನೋವಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸ್ಪ್ರಿಂಗ್ ಮೆಡೋಸ್ ಪ್ರಕರಣ ಎಂದು ಕರೆಯುವ ಇದನ್ನು 1998ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇಲ್ಲಿ ಚರ್ಚೆಗೆ ಜಾಗವಿಲ್ಲ, ಇದು ನಿರ್ಲಕ್ಷ್ಯ.

ಎರಡನೆಯದು ದಾರಿ ತಪ್ಪಿದ ಔಷಧ. 2000ದಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಒಬ್ಬ ಸಂಗೀತಗಾರ್ತಿ ಮೈಗ್ರೇನ್‌ಗೆ ಚಿಕಿತ್ಸೆ ಪಡೆಯಲು ಹೋಗಿದ್ದರು. ವಾಕರಿಕೆಗೆ ಕೊಟ್ಟ ಪ್ರೊಮೆಥಾಝೀನ್ ಅಭಿಧಮನಿಯ ಬದಲು ಅಪಧಮನಿಗೆ ತಲುಪಿ ಗ್ಯಾಂಗ್ರೀನ್ ಆಯಿತು, ಮುಂಗೈಯನ್ನೇ ಕತ್ತರಿಸಬೇಕಾಯಿತು. ಕ್ಲಿನಿಕ್ ಜೊತೆಗಿನ ವ್ಯಾಜ್ಯ ರಾಜಿಯಾಯಿತು. ಆದರೆ ಪ್ರಶ್ನೆ ಮುಂದೆ ಹೋಯಿತು: ಇಷ್ಟು ಅಪಾಯಕಾರಿ ವಿಧಾನದ ಬಗ್ಗೆ ಔಷಧ ಕಂಪನಿ ಲೇಬಲ್ ಮೇಲೆ ಸಾಕಷ್ಟು ಎಚ್ಚರಿಸಿತ್ತೇ? 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪಿತ್ತಿತು. ಹೊಣೆ ಚುಚ್ಚಿದ ಕೈಯದ್ದು ಮಾತ್ರ ಅಲ್ಲ ಎಂಬುದು ಈ ಪ್ರಕರಣದ ಪಾಠ.

ಮೂರನೆಯದು ಬಾಟಲಿಯ ತಪ್ಪು. 1972ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡೆಕ್ಸ್‌ಟ್ರೋಸ್ ಡ್ರಿಪ್ ಪಡೆದ ಐವರು ಸತ್ತರು. ಕಾರ್ಖಾನೆಯಲ್ಲಿ ಬಾಟಲಿಗಳನ್ನು ಹಬೆಯಲ್ಲಿ ಶುದ್ಧೀಕರಿಸುವ ಯಂತ್ರದೊಳಗೆ ಗಾಳಿ ಉಳಿದು, ಕೆಳಗಿನ ಸಾಲಿನ ಬಾಟಲಿಗಳು ಬೇಕಾದಷ್ಟು ಬಿಸಿಯೇ ಆಗಿರಲಿಲ್ಲ. ವಾರ್ಡಿನಲ್ಲಿ ಎಲ್ಲವೂ ನಿಯಮದಂತೆಯೇ ನಡೆದಿದ್ದರೂ ರೋಗಾಣು ಬಾಟಲಿಯಲ್ಲೇ ಬಂದಿತ್ತು.

ಬಳ್ಳಾರಿ ನಮಗೆ ಕಲಿಸಿದ್ದು

ಇದು ದೂರದ ಕತೆಯಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಸತ್ತವರ ಸಂಖ್ಯೆ ಐದಾಗಿತ್ತು. ಹೊರನೋಟಕ್ಕೆ ಬೆರಳು ತೋರಿದ್ದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಕಡೆಗೆ. ಆದರೆ ಶಂಕೆ ಬಿದ್ದದ್ದು ಅವರಿಗೆ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿ, ಪೂರೈಸಿದ ಕಂಪನಿಯ ವಿರುದ್ಧ ಕ್ರಮಕ್ಕೆ ಮುಂದಾಗಿ, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರದಲ್ಲೂ ಹೆರಿಗೆಯ ನಂತರ ಸಾವು ಸಂಭವಿಸಿ, ಅಲ್ಲೂ ಇದೇ ದ್ರಾವಣದ ಪ್ರಶ್ನೆ ಎದ್ದಿತು. ಅಲ್ಲಿನ ಸರ್ಕಾರ ಮಾತ್ರ ನಿರ್ಲಕ್ಷ್ಯದ ಆರೋಪದ ಮೇಲೆ ವೈದ್ಯರನ್ನು ಅಮಾನತು ಮಾಡಿತು.

ಒಂದೇ ಬಗೆಯ ದುರಂತ, ಬೆರಳು ಮಾತ್ರ ಬೇರೆಬೇರೆ ಕಡೆಗೆ. ಹಸುಗೂಸು ಕೈಯಲ್ಲಿಟ್ಟುಕೊಂಡು ನಿಂತ ಕುಟುಂಬಕ್ಕೆ ಬೇಕಿರುವುದು ನಿಜ ಕಾರಣ. ಕೋಪದಲ್ಲಿ ವಾರ್ಡಿನ ಗಾಜು ಒಡೆದರೆ ಕಾರಣ ಸಿಗುವುದಿಲ್ಲ. ಉಳಿದ ಬಾಟಲಿ, ಬ್ಯಾಚ್ ನಂಬರ್, ದಾಖಲೆ ಇದ್ದರೆ ಸಿಗಬಹುದು.

ಕಾನೂನು ಏನು ಹೇಳುತ್ತದೆ?

1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆಗಳು ಇದರಿಂದ ಹೊರಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷದ ಗಡುವು ಇದೆ.

ಕ್ರಿಮಿನಲ್ ಕೇಸಿನ ಮಾತು ಬೇರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಸಣ್ಣ ಎಡವಟ್ಟು ಅಥವಾ ತಪ್ಪು ಅಂದಾಜು ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು. ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಚಿಕಿತ್ಸೆಯಲ್ಲಿನ ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ.

"ವೈದ್ಯರ ವಿರುದ್ಧ ಇನ್ನೊಬ್ಬ ವೈದ್ಯ ಸಾಕ್ಷಿ ಹೇಳುತ್ತಾರೆಯೇ?" ಎಂದು ಹಲವರು ಮೊದಲೇ ಕೈಚೆಲ್ಲುತ್ತಾರೆ. 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕ ಆಯೋಗದ ಎದುರು ಪ್ರತಿ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದಿದೆ. ತಪ್ಪು ಕಣ್ಣಿಗೆ ಹೊಡೆಯುವಂತಿದ್ದರೆ ಘಟನೆಯೇ ಮಾತಾಡುತ್ತದೆ.

ಹಾಸಿಗೆಯ ಪಕ್ಕ ಕೂತವರು ಏನು ಮಾಡಬಹುದು?

• ಇದು ಯಾವ ಔಷಧ, ಯಾಕೆ, ಬಾಯಿಂದ ಕೊಡಲು ಆಗುವುದಿಲ್ಲವೇ ಎಂದು ಕೇಳಿ. ಇದು ಜಗಳವಲ್ಲ, ನಿಮ್ಮ ಹಕ್ಕು.
• ಬಾಟಲಿಯ ಮೇಲಿನ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕದ ಫೋಟೋ ತೆಗೆದಿಡಿ. ದ್ರವ ಮಬ್ಬಾಗಿದ್ದರೆ, ಕಣಗಳು ತೇಲುತ್ತಿದ್ದರೆ, ಬಾಟಲಿ ಸೋರುತ್ತಿದ್ದರೆ ಹಾಕಿಸಬೇಡಿ.
• ಹಳೆಯ ಅಲರ್ಜಿ, ಹೃದಯ ಅಥವಾ ಕಿಡ್ನಿ ತೊಂದರೆ, ಗರ್ಭ ಧರಿಸಿರುವುದನ್ನು ಮೊದಲೇ ಹೇಳಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿರುವ ಕೈಗೆ ಕ್ಯಾನುಲಾ ಬೇಡ ಎಂದು ನೆನಪಿಸಿ.
• ಬೇಗ ಮುಗಿಯಲಿ ಎಂದು ಚಕ್ರ ತಿರುಗಿಸಿ ವೇಗ ಹೆಚ್ಚಿಸಬೇಡಿ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್‌ನಲ್ಲಿ 500 ಮಿಲಿಲೀಟರ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಈ ಲೆಕ್ಕ ಹಾಕಿಯೇ ನರ್ಸ್ ಅದನ್ನು ಇಟ್ಟಿರುತ್ತಾರೆ.
• ಉರಿ, ಊತ, ಮರಗಟ್ಟುವಿಕೆ, ಬೆರಳು ಬಿಳಿಚುವುದು, ಚಳಿ, ಉಸಿರಾಟದ ತೊಂದರೆ ಕಂಡರೆ ಬೆಳಗಿನವರೆಗೆ ಕಾಯಬೇಡಿ. ಡ್ರಿಪ್ ನಿಲ್ಲಿಸಿ ನೋಡಲು ಕೇಳಿ. ಹೇಳಿದ ಸಮಯವನ್ನು ಬರೆದಿಡಿ.
• ಸೂಜಿ, ಸಿರಿಂಜ್ ಹೊಸ ಪೊಟ್ಟಣದಿಂದಲೇ ಬಂದದ್ದೆಂದು ನೋಡಿ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವೊ ಜಿಲ್ಲೆಯಲ್ಲಿ ಒಂದೇ ಸೂಜಿ ಮತ್ತೆಮತ್ತೆ ಬಳಸಿದ ನಕಲಿ ವೈದ್ಯನಿಂದ ಹತ್ತಾರು ಜನರಿಗೆ ಎಚ್‌ಐವಿ ತಗುಲಿದ ಆರೋಪ ದೇಶವನ್ನೇ ಬೆಚ್ಚಿಬೀಳಿಸಿತ್ತು.

ಹಾನಿ ಆಗಿಬಿಟ್ಟಿದ್ದರೆ?

ಮೊದಲು ಚಿಕಿತ್ಸೆ, ಆಮೇಲೆ ದೂರು. ಕೈಯ ಫೋಟೋಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಚಿಕಿತ್ಸೆಯ ದಾಖಲೆಗಳಿಗೆ ಲಿಖಿತವಾಗಿ ಅರ್ಜಿ ಕೊಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ನರ್ಸ್‌ಗಳ ಟಿಪ್ಪಣಿ ಮತ್ತು ಔಷಧ ಕೊಟ್ಟ ಚಾರ್ಟ್ ಕೂಡ ಕೇಳಿ. ಇನ್ನೊಬ್ಬ ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆಯಿರಿ.

ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಖಾಸಗಿ ಆಸ್ಪತ್ರೆಯ ಬಗ್ಗೆ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ, ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಔಷಧದಿಂದಲೇ ತೊಂದರೆಯಾಗಿದೆ ಎನಿಸಿದರೆ 1800-180-3024 ಸಂಖ್ಯೆಗೆ ಕರೆ ಮಾಡಿ ರೋಗಿಯೇ ವರದಿ ಮಾಡಬಹುದು. ಒಂದೇ ಬ್ಯಾಚ್ ಬಗ್ಗೆ ನಾಲ್ಕು ಊರಿನಿಂದ ವರದಿ ಬಂದರೆ ಐದನೆಯವರು ಉಳಿಯಬಹುದು.

ಹಾಗಾದರೆ ಉತ್ತರವೇನು?

ಡ್ರಿಪ್ ಹಾಕಿದ ಕೈ ಊದಿತು ಎಂಬುದಷ್ಟೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ. ಎಷ್ಟೇ ನುರಿತ ಕೈ ಹಾಕಿದ ಕ್ಯಾನುಲಾ ಕೂಡ ಜಾರುತ್ತದೆ. ಆದರೆ ಊದಿದೆ ಎಂದು ಹೇಳಿದ ಮೇಲೂ ಯಾರೂ ಬಂದು ನೋಡದಿದ್ದರೆ, ಔಷಧದ ಹೆಸರು ಓದದೆ ಚುಚ್ಚಿದ್ದರೆ, ಅರ್ಹತೆ ಇಲ್ಲದವರು ಚುಚ್ಚಿದ್ದರೆ, ಪರೀಕ್ಷೆಯಾಗದ ಬಾಟಲಿ ವಾರ್ಡಿಗೆ ಬಂದಿದ್ದರೆ ಅಲ್ಲಿ ತೊಡಕಿನ ಗಡಿ ದಾಟಿದೆ. ನಮ್ಮ ತಂಡದವರ ತಾಯಿಯ ವಿಷಯದಲ್ಲೂ ಕ್ಯಾನುಲಾ ಜಾರಿದ್ದು ತೊಡಕು. ರಾತ್ರಿ ಹನ್ನೊಂದರಿಂದ ಬೆಳಗಿನವರೆಗೆ ಯಾರೂ ಆ ಕೈ ಮುಟ್ಟಿ ನೋಡದೇ ಇದ್ದದ್ದು ನಿರ್ಲಕ್ಷ್ಯ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಗೆ ನಿಮ್ಮ ವೈದ್ಯರನ್ನು, ದೂರು ದಾಖಲಿಸುವ ಮೊದಲು ವಕೀಲರನ್ನು ಸಂಪರ್ಕಿಸಿ.)